ಕಲಿಯುವವರ ಸ್ಕೂಟರ್: ಬಿದ್ದರೂ ಪೆಟ್ಟಾಗದಂತೆ ಸಜ್ಜು ಮಾಡುವುದು ಹೇಗೆ?

ಹೊಸದಾಗಿ ಸ್ಕೂಟರ್ ಕಲಿಯುವವರು ಗಾಡಿ ಬೀಳಿಸುವುದು ಹೆಚ್ಚಾಗಿ ನಿಂತಲ್ಲೇ. ಸ್ಟ್ಯಾಂಡಿನಿಂದ ಇಳಿಸುವಾಗ, ತಿರುಗಿಸಲು ತಳ್ಳುವಾಗ, ನಿಲ್ಲಿಸಿ ಕಾಲು ಊರುವಾಗ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳನ್ನೇ ನೋಡಿ. ರಸ್ತೆಯಿಂದ ಅಂಗಳಕ್ಕೆ ಇಳಿಯಲು ಒಂದು ಚಡವು. ಅದರ ಮೇಲೆ ಮುರಕಲ್ಲಿನ ಚರಳು. ಮಳೆಗಾಲ ಬಂದರೆ ಪಾಚಿ. ನೂರು ಕಿಲೋ ದಾಟುವ ಗಾಡಿ ಅಲ್ಲಿ ಒಮ್ಮೆ ವಾಲಿತು ಅಂದರೆ ಪಳಗಿದವರಿಗೂ ಹಿಡಿದು ನಿಲ್ಲಿಸುವುದು ಕಷ್ಟ.

ಆದರೆ ನಿಂತಲ್ಲೇ ಬೀಳುವ ಗಾಡಿ ಪ್ರತಿ ಸಲವೂ ಅದೇ ನಾಲ್ಕೈದು ಕಡೆ ನೆಲಕ್ಕೆ ತಾಗುತ್ತದೆ. ಆ ಜಾಗಗಳಿಗೆ ಸರಿಯಾಗಿ ರಕ್ಷಣೆ ಕೊಟ್ಟರೆ ಸಾಕು. ಇಡೀ ಗಾಡಿಗೆ ಕಬ್ಬಿಣ ಸುತ್ತಬೇಕಾಗಿಲ್ಲ. ಲರ್ನರ್ಸ್ ಲೈಸೆನ್ಸ್ ಸಿಕ್ಕಿ 30 ದಿನ ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲ. ಗಾಡಿ ಜಾಸ್ತಿ ಬೀಳುವುದೂ ಆ ತಿಂಗಳಲ್ಲೇ. ಗೀರು ಬಿತ್ತು ಎಂದು ಮನೆಯವರು ಎರಡು ಸಲ ಬೈದರೆ ಎಷ್ಟೋ ಹುಡುಗಿಯರು, ಅಮ್ಮಂದಿರು ಕೀ ವಾಪಸ್ ಕೊಟ್ಟುಬಿಡುತ್ತಾರೆ. ಸಂಜೆಯಾದರೆ ಬಸ್ಸಿಗೆ ಕಾಯಬೇಕಾದ ನಮ್ಮ ಒಳಭಾಗದ ಊರುಗಳಲ್ಲಿ ಅದು ದೊಡ್ಡ ನಷ್ಟ. ಹಾಗಾಗಿ ಕಲಿಕೆ ಶುರುವಾಗುವ ಮೊದಲೇ ಒಂದು ಭಾನುವಾರ ಈ ಕೆಲಸಕ್ಕೆ ಇಡಿ.

ಮೊದಲು ನೀವೇ ಮಲಗಿಸಿ ನೋಡಿ

ಅಂಗಳದ ಸಮತಟ್ಟು ಜಾಗದಲ್ಲಿ ನಾಲ್ಕು ಗೋಣಿಚೀಲ ಹಾಸಿ. ಎಂಜಿನ್ ಆಫ್ ಇರಲಿ, ಸೈಲೆನ್ಸರ್ ಪೂರ್ತಿ ತಣ್ಣಗಾಗಿರಲಿ, ಪೆಟ್ರೋಲ್ ಕಡಿಮೆ ಇರಲಿ. ಇಬ್ಬರು ಸೇರಿ ಗಾಡಿಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿ. ಯಾವ ಭಾಗ ಮೊದಲು ಗೋಣಿಗೆ ತಾಗುತ್ತದೆ, ಆಮೇಲೆ ಯಾವುದು ಎಂದು ನೋಡಿ ಚಾಕ್‌ನಲ್ಲಿ ಗುರುತು ಹಾಕಿ. ಕೂಡಲೇ ಎತ್ತಿ, ಬಲಕ್ಕೂ ಹಾಗೆಯೇ ಮಾಡಿ.

ಹೆಚ್ಚಿನ ಸ್ಕೂಟರ್‌ಗಳಲ್ಲಿ ಗುರುತು ಬೀಳುವುದು ಬ್ರೇಕ್ ಲಿವರಿನ ತುದಿಗೆ, ಕನ್ನಡಿಗೆ, ಹ್ಯಾಂಡಲ್ ಕವರಿನ ಮೂಲೆಗೆ, ಕಾಲಿಡುವ ಹಲಗೆಯ ಅಂಚಿಗೆ ಮತ್ತು ಹಿಂದಿನ ಪ್ಯಾನೆಲ್‌ನ ಉಬ್ಬಿಗೆ. ಬಲಗಡೆ ಇವುಗಳ ಜೊತೆ ಸೈಲೆನ್ಸರ್ ಕವರ್ ಸೇರುತ್ತದೆ. ಎಡಗಡೆ ಕಿಕ್ಕರ್ ಇರುವ ಎಂಜಿನ್ ಕವರ್. ಅಂಗಡಿಗೆ ಹೋಗುವಾಗ ಈ ಗುರುತುಗಳ ಫೋಟೋ ತೆಗೆದುಕೊಂಡು ಹೋಗಿ. ಅಂಗಡಿಯವರು ತೋರಿಸಿದ್ದನ್ನೆಲ್ಲ ಕೊಳ್ಳುವ ತೊಂದರೆ ತಪ್ಪುತ್ತದೆ.

ಗಾರ್ಡ್ ಹಾಕಿಸುವಾಗ

ದುಡ್ಡು ಖರ್ಚು ಮಾಡುವುದಾದರೆ ಮೊದಲು ಮುಂದಿನ ಗಾರ್ಡಿಗೆ ಮಾಡಿ. ಅದು ಚಾಸಿಯ, ಅಂದರೆ ಗಾಡಿಯ ಒಳಗಿನ ಗಟ್ಟಿ ಚೌಕಟ್ಟಿನ, ಬೋಲ್ಟುಗಳಿಗೇ ಕಚ್ಚಿಕೊಂಡಿರಬೇಕು. ಬರೀ ಪ್ಯಾನೆಲ್‌ಗೆ ಕ್ಲಿಪ್ ಹಾಕಿ ನಿಲ್ಲಿಸುವ ಗಾರ್ಡ್ ಬಿದ್ದಾಗ ಪ್ಯಾನೆಲನ್ನೇ ಒಡೆಯುತ್ತದೆ. ಗಾರ್ಡಿನ ಹೊರ ಅಂಚು ನಿಮ್ಮ ಚಾಕ್ ಗುರುತಿಗಿಂತ ಹೊರಗೆ ಇದೆಯಾ ನೋಡಿ. ಒಳಗಿದ್ದರೆ ಅದು ಬರೀ ಅಲಂಕಾರ.

ಕರಾವಳಿಯ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಕಡಲಿಗೆ ಹತ್ತಿರ ಇರುವವರು ಸ್ವಲ್ಪ ಜಾಸ್ತಿ ಕೊಟ್ಟು ಸ್ಟೀಲಿನದ್ದೇ ತಗೊಳ್ಳಿ. ಬೋಲ್ಟುಗಳೂ ಸ್ಟೀಲಿನವೇ ಆಗಿರಲಿ. ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಕೂರಿಸಿದ ಮೇಲೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಎಲ್ಲೂ ತಾಗಬಾರದು. ಸೀಟಿನಲ್ಲಿ ಕುಳಿತು ಎರಡೂ ಕಾಲನ್ನು ಗಡಿಬಿಡಿಯಲ್ಲಿ ಕೆಳಗೆ ಬಿಡಿ. ಪಾದ ನೇರವಾಗಿ ನೆಲಕ್ಕೆ ಬರಬೇಕು. ಗಾರ್ಡಿಗೆ ಕಾಲು ಸಿಕ್ಕಿಕೊಳ್ಳುತ್ತದೆ ಎಂದಾದರೆ ಆ ಗಾರ್ಡ್ ಬೇಡವೇ ಬೇಡ. ಪ್ಯಾನೆಲ್ ಬದಲಾಯಿಸಬಹುದು, ಮೊಣಕಾಲು ಬದಲಾಯಿಸಲು ಆಗುವುದಿಲ್ಲ ಅಲ್ವಾ? ಸುತ್ತಲೂ ಬರುವ ದೊಡ್ಡ ಗಾರ್ಡ್ ಗಾಡಿಯ ತೂಕವನ್ನೂ ಹೆಚ್ಚಿಸುತ್ತದೆ. ಸಣ್ಣ ಮೈಕಟ್ಟಿನವರಿಗೆ ಮುಂದಿನದ್ದೊಂದೇ ಸಾಕು. ಹಿಂದೆ ಇರುವ ಸೀರೆ ಗಾರ್ಡನ್ನು ಮಾತ್ರ ಯಾವ ಕಾರಣಕ್ಕೂ ತೆಗೆಸಬೇಡಿ. ಹಿಂದೆ ಕೂರುವವರ ಸೀರೆ, ಶಾಲು ಚಕ್ರಕ್ಕೆ ಹೋಗದಂತೆ ತಡೆಯುವುದು ಅದೇ, ಕಾನೂನಿನಲ್ಲೂ ಅದು ಬೇಕು.

ಲಿವರ್ ಮತ್ತು ಕನ್ನಡಿ

ಬ್ರೇಕ್ ಲಿವರ್ ಎರಕ ಹೊಯ್ದ ಅಲ್ಯೂಮಿನಿಯಂ. ಬಾಗುವುದು ಕಡಿಮೆ, ತುಂಡಾಗುವುದು ಜಾಸ್ತಿ. ತುದಿಯ ಗುಂಡಿಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ಬೆರಳು ಹಿಡಿಯುವ ಜಾಗಕ್ಕೆ ಸುತ್ತಬೇಡಿ, ಜಾರುತ್ತದೆ. ಬಲಗೈಯ ಎಕ್ಸಲೇಟರ್ ಹಿಡಿಗೂ ಏನನ್ನೂ ಸುತ್ತಬೇಡಿ. ಅದು ಬಿಟ್ಟ ಕೂಡಲೇ ತಾನಾಗಿ ಹಿಂದೆ ಬರಬೇಕು.

ಹ್ಯಾಂಡಲಿನ ಎರಡೂ ತುದಿಗೆ ಸ್ಕ್ರೂ ಮಾಡುವ ತೂಕದ ಗುಂಡು ಸಿಗುತ್ತದೆ. ಕೆಲವು ಗಾಡಿಗಳಿಗೆ ಕಂಪನಿಯೇ ಹಾಕಿರುತ್ತದೆ. ಇದು ಲಿವರಿಗಿಂತ ಮೊದಲು ನೆಲಕ್ಕೆ ತಾಗಿ ಪೆಟ್ಟು ತಗೊಳ್ಳುತ್ತದೆ. ಸಣ್ಣ ಖರ್ಚಿನ ಕೆಲಸ, ಫಲ ದೊಡ್ಡದು. ಜೊತೆಗೆ ಎರಡು ಲಿವರ್ ಮೊದಲೇ ತಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಬಾಗಿದ ಲಿವರನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿಸಬೇಡಿ. ಕಣ್ಣಿಗೆ ಕಾಣದ ಬಿರುಕು ಒಳಗೆ ಉಳಿದು, ನಿಜವಾಗಿ ಬ್ರೇಕ್ ಬೇಕಾದ ಹೊತ್ತಿಗೆ ತುಂಡಾಗುತ್ತದೆ.

ಕನ್ನಡಿ ಒಡೆಯುವುದು ಅಷ್ಟೇನೂ ದೊಡ್ಡ ಸಂಗತಿ ಅಲ್ಲ. ಅದರ ಕಡ್ಡಿ ಪೆಟ್ಟನ್ನು ಬುಡಕ್ಕೆ ದಾಟಿಸಿ ಹ್ಯಾಂಡಲ್ ಕವರ್ ಸೀಳುತ್ತದೆ, ಖರ್ಚು ಇರುವುದು ಅಲ್ಲಿ. ಮನೆಯ ಅಂಗಳದಲ್ಲಿ ಅಭ್ಯಾಸ ಮಾಡುವ ದಿನಗಳಲ್ಲಿ ಕನ್ನಡಿಗಳನ್ನು ಬಿಚ್ಚಿ ಒಳಗಿಡಿ. ಕೆಲವು ಗಾಡಿಗಳಲ್ಲಿ ಬಲಗಡೆಯ ತಿರುಪು ಉಲ್ಟಾ ಇರುತ್ತದೆ, ಬಲವಂತ ಮಾಡಬೇಡಿ. ರಸ್ತೆಗೆ ಇಳಿಸುವ ಮೊದಲು ಎರಡನ್ನೂ ವಾಪಸ್ ಹಾಕಿ. ಜೊತೆಗೆ ಹಿಂದೆ ಮುಂದೆ ಬಿಳಿ ಮೇಲೆ ಕೆಂಪು ಎಲ್ ಬೋರ್ಡ್.

ಟ್ಯೂಬ್, ಫೋಮ್, ಅಡಿಕೆ ಹಾಳೆ

ಗಾರ್ಡಿನ ಕೊಳವೆಗೆ ಸೈಕಲ್ ಟ್ಯೂಬ್ ಸುತ್ತಿದರೆ ಅದೂ ಗೀರದೆ ಉಳಿಯುತ್ತದೆ, ಸಿಮೆಂಟಿನ ಮೇಲೆ ಜಾರುವುದೂ ಕಡಿಮೆ. ಏಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಉದ್ದಕ್ಕೆ ಸೀಳಿ ಕಾಲಿಡುವ ಹಲಗೆಯ ಅಂಚಿಗೆ ಹಾಕಿ, ಕೇಬಲ್ ಟೈಯಲ್ಲಿ ಕಟ್ಟಿ.

ಹಿಂದಿನ ಪ್ಯಾನೆಲ್ ಉಬ್ಬಿಗೆ ನಮ್ಮ ತೋಟದಲ್ಲೇ ಒಳ್ಳೆಯ ಸಾಮಾನು ಬಿದ್ದಿರುತ್ತದೆ. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಬೇಕಾದ ಅಳತೆಗೆ ಕತ್ತರಿಸಿ. ಒಳಗೆ ಹಳೆಯ ಲುಂಗಿ ಬಟ್ಟೆ ಮಡಚಿ ಇಟ್ಟು, ಮೇಲೆ ಹಾಳೆ ಹಾಕಿ ಹಗ್ಗದಲ್ಲಿ ಕಟ್ಟಿ. ಒಣಗಿದಾಗ ಪ್ಯಾನೆಲ್‌ನ ಆಕಾರಕ್ಕೇ ಗಟ್ಟಿಯಾಗಿ ನಿಲ್ಲುತ್ತದೆ. ಬಟ್ಟೆ ಮರೆಯಬೇಡಿ. ಹಾಳೆ ಮತ್ತು ಬಣ್ಣದ ನಡುವೆ ಮಣ್ಣು ಸೇರಿದರೆ ಅದೇ ಗೀರುತ್ತದೆ. ಇದು ಅಂಗಳಕ್ಕೆ ಮಾತ್ರ, ರಸ್ತೆಗೆ ಅಲ್ಲ. ಹಗ್ಗದ ತುದಿ ಸಡಿಲಾಗಿ ಚಕ್ರದ ಕಡೆ ನೇತಾಡಬಾರದು.

ಸೈಲೆನ್ಸರ್ ಹತ್ತಿರ ಹಾಳೆ, ಬಟ್ಟೆ, ಫೋಮ್ ಯಾವುದೂ ಬೇಡ, ಬೆಂಕಿ ಹಿಡಿಯುತ್ತದೆ. ಹೆಚ್ಚಿನ ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಎಂಜಿನ್ ತಣ್ಣಗಾಗಿಸುವ ಫ್ಯಾನ್ ಬಲಗಡೆ ಜಾಲರಿಯ ಹಿಂದೆ ಇರುತ್ತದೆ. ಆ ಜಾಲರಿಯನ್ನೂ ಮುಚ್ಚಬೇಡಿ.

ಬೀಳುವುದನ್ನೇ ಕಡಿಮೆ ಮಾಡಲು

ಗಾಡಿ ತಳ್ಳುವಾಗ ಎಂಜಿನ್ ಆಫ್. ಇದೊಂದು ಅಭ್ಯಾಸ ಆದರೆ ಅರ್ಧ ಗಂಡಾಂತರ ತಪ್ಪಿತು. ಆನ್ ಇರುವ ಗಾಡಿ ವಾಲಿದಾಗ ಕೈ ತಾನಾಗಿ ಎಕ್ಸಲೇಟರ್ ಹಿಡಿದು ತಿರುಗಿಸುತ್ತದೆ, ಗಾಡಿ ನುಗ್ಗುತ್ತದೆ.

ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಮೆತ್ತಗಿನ ಮಣ್ಣಿಗೆ ಇಳಿದು ಗಾಡಿ ಮಗುಚುತ್ತದೆ. ಅಂಗೈ ಅಗಲದ ಹಲಗೆ ತುಂಡು ಡಿಕ್ಕಿಯಲ್ಲಿರಲಿ, ಸ್ಟ್ಯಾಂಡಿನ ಅಡಿಗೆ ಇಡಲು. ಚಡವಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಎತ್ತರ ಇರುವ ಬದಿಗೆ ಕಾಲು ಊರಿ.

ಕೇರಳದ ಪರೀಕ್ಷೆಯಲ್ಲಿ ಕಾಲು ಊರದೆ 8 ಹಾಕಬೇಕು. ಅದರ ಅಭ್ಯಾಸದಲ್ಲೂ ಗಾಡಿ ಬೀಳುತ್ತದೆ. ಹ್ಯಾಂಡಲ್ ತಿರುಗಿರುವಾಗ ಬಲಗೈಯ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಅಲ್ಲೇ ಮಡಚಿ ಗಾಡಿ ಮಲಗುತ್ತದೆ. 8 ಹಾಕುವಾಗ ಎಡಗೈಯ ಬ್ರೇಕನ್ನು ಮೆಲ್ಲಗೆ ಬಳಸಿ. 2019ರ ಏಪ್ರಿಲ್ ನಂತರ ತಯಾರಾದ ಸಣ್ಣ ಸ್ಕೂಟರ್‌ಗಳಲ್ಲಿ ಎಡ ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚಿ ಹೋಗುವ ವ್ಯವಸ್ಥೆ ಇರುತ್ತದೆ. ಚರಳು ಇರುವಲ್ಲಿ ಮೊದಲು ಗುಡಿಸಿ. ಅಡಿಕೆ ಒಣಗಿಸುವ ಅಂಗಳ ಖಾಲಿ ಇದ್ದರೆ, ಪಾಚಿ ಇಲ್ಲದಿದ್ದರೆ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬಿದ್ದೇಬಿಟ್ಟರೆ

ಸ್ವಲ್ಪ ವಾಲಿದಾಗ ಹಿಡಿಯಿರಿ. ಕೈಮೀರಿತು ಅನಿಸಿದರೆ ಬಿಟ್ಟು ದೂರ ಸರಿಯಿರಿ. ಗಾಡಿಗೆ ಇಷ್ಟೆಲ್ಲ ಕಟ್ಟಿದ್ದು ಆ ಹೊತ್ತಿಗೆ ನೀವು ಧೈರ್ಯದಿಂದ ಬಿಡಲಿ ಎಂದೇ. ಬಲಕ್ಕೆ ಬಿದ್ದರೆ ಬಿಸಿ ಸೈಲೆನ್ಸರಿಗೆ ಕಾಲು ತಾಗದಂತೆ ನೋಡಿ.

ಮೊದಲು ಕೀ ಆಫ್. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆಯಿರಿ. ಹ್ಯಾಂಡಲನ್ನು ನೆಲದ ಕಡೆಗೆ ತಿರುಗಿಸಿ. ಸೀಟಿಗೆ ಬೆನ್ನು ಮಾಡಿ ಕುಕ್ಕರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಬೆನ್ನು ನೇರ ಇಟ್ಟು ಕಾಲಿನ ಬಲದಿಂದ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ದೂಡಿ. ಸ್ಕೂಟರಿಗೆ ಗೇರ್ ಇಲ್ಲ, ಚಕ್ರ ಉರುಳುತ್ತದೆ. ಎಡಗೈಯ ಲಿವರನ್ನು ರಬ್ಬರ್ ಪಟ್ಟಿಯಲ್ಲಿ ಹಿಡಿಗೆ ಕಟ್ಟಿಕೊಂಡರೆ ಸುಲಭ.

ಎತ್ತಿದ ಮೇಲೆ ಪೆಟ್ರೋಲ್ ವಾಸನೆ ಇದ್ದರೆ ಅದು ಹೋಗುವ ತನಕ ಸ್ಟಾರ್ಟ್ ಮಾಡಬೇಡಿ. ಈಗಿನ ಹಲವು ಗಾಡಿಗಳಲ್ಲಿ ವಾಲಿದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇದೆ. ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಎರಡೂ ಬ್ರೇಕ್, ಎಕ್ಸಲೇಟರ್, ಹ್ಯಾಂಡಲ್ ನೇರ ಇದೆಯಾ, ಅಡಿಯಲ್ಲಿ ಎಣ್ಣೆ ಸೋರುತ್ತಿದೆಯಾ, ಇಷ್ಟು ನೋಡದೆ ಹತ್ತಬೇಡಿ. ಎಲೆಕ್ಟ್ರಿಕ್ ಗಾಡಿಗಳಲ್ಲಿ ಹಲವಕ್ಕೆ ಬ್ಯಾಟರಿ ಕಾಲಿನ ಅಡಿಯಲ್ಲೇ ಇರುತ್ತದೆ. ಅಡಿಭಾಗ ಕಲ್ಲಿಗೆ ಬಡಿದಿದ್ದರೆ ಸರ್ವೀಸ್ ಸೆಂಟರಿನಲ್ಲಿ ತೋರಿಸದೆ ಚಾರ್ಜಿಗೆ ಇಡಬೇಡಿ. ಗಾರ್ಡಿಗಾಗಿ ಅಲ್ಲಿ ತೂತು ಕೊರೆಸುವುದಂತೂ ಬೇಡವೇ ಬೇಡ.

ಸಣ್ಣ ಪುಟ್ಟದಕ್ಕೆ ಇನ್ಶೂರೆನ್ಸ್ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಸಿಗುವ ರಿಯಾಯಿತಿ ಶೇ 20, ಐದು ವರ್ಷಕ್ಕೆ ಅದು ಶೇ 50ಕ್ಕೆ ಏರುತ್ತದೆ. ಒಂದು ಪ್ಯಾನೆಲ್‌ಗಾಗಿ ಕ್ಲೇಮ್ ಮಾಡಿದರೆ ಅದು ಹೋಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಗಾಡಿಯ ಪೆಟ್ಟಿಗೆ ಏನೂ ಸಿಗುವುದಿಲ್ಲ.

ಪ್ಲಾಸ್ಟಿಕ್ ಪ್ಯಾನೆಲ್ ಮೇಲಿನ ಗೀರನ್ನು ಲೈಸೆನ್ಸ್ ಸಿಗುವ ತನಕ ಹಾಗೇ ಬಿಡಿ. ತಗಡಿನದ್ದಾದರೆ ಬಿಡುವಂತಿಲ್ಲ. ಬಣ್ಣ ಕಿತ್ತು ಬಿಳಿ ಲೋಹ ಕಂಡರೆ ಅದೇ ವಾರ ಒರೆಸಿ, ಒಣಗಿಸಿ, ಟಚ್‌ಅಪ್ ಬಣ್ಣ ಹಚ್ಚಿ. ಕಲಿಕೆ ಮುಗಿದ ಮೇಲೆ ಗಾರ್ಡ್ ಇರಲಿ. ಟ್ಯೂಬು, ಫೋಮುಗಳನ್ನು ಜೂನ್ ಮೊದಲ ಮಳೆಗೆ ಮುಂಚೆ ಬಿಚ್ಚಿಬಿಡಿ. ಇಲ್ಲದಿದ್ದರೆ ಅಡಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ.