ಆಟದ ಹುರುಪಿನ ಮಿಶ್ರತಳಿ ನಾಯಿಯನ್ನು ದತ್ತು ಪಡೆಯುವ ಮುನ್ನ

ಬೀದಿಯಿಂದ ರಕ್ಷಿಸಿ ತಾತ್ಕಾಲಿಕ ಆರೈಕೆಯ ಮನೆಯಲ್ಲಿ ಇರಿಸಿರುವ ಮಿಶ್ರತಳಿ ನಾಯಿಯನ್ನು ದತ್ತು ಪಡೆಯಲು ಬಯಸುವವರು, ರೂಪ ನೋಡಿ ಸ್ವಭಾವವನ್ನು ಊಹಿಸುವ ಬದಲು ಆರೈಕೆದಾರರನ್ನೇ ವಿವರವಾಗಿ ವಿಚಾರಿಸುವುದು ಒಳ್ಳೆಯದು. ತಿನ್ನುವಾಗ ಯಾರಾದರೂ ಹತ್ತಿರ ಬಂದರೆ ಅದು ಗುರುಗುಟ್ಟುತ್ತದೆಯೇ, ಮಕ್ಕಳು ಓಡಾಡಿದಾಗ ಹೇಗೆ ವರ್ತಿಸುತ್ತದೆ, ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು ಎಂಬುದು ಅವರಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಲಸಿಕೆಯ ದಾಖಲೆಗಳನ್ನೂ ಕೇಳಿ ಪಡೆಯಿರಿ.

ಆಟವನ್ನು ಮಾತ್ರ ಕಣ್ಣಾರೆ ನೋಡಲೇಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲೆತ್ತಿ ನಿಂತರೆ ಅದು ಆಟಕ್ಕೆ ಕರೆ. ಬಾಲ ಅಲ್ಲಾಡುತ್ತಿದ್ದರೂ ಮೈ ಬಿಗಿದು, ದೃಷ್ಟಿ ಒಂದೇ ಕಡೆ ನೆಟ್ಟಿದ್ದರೆ ಕೂಡಲೇ ದೂರ ಸರಿಯಿರಿ. ಆಟದ ಭರದಲ್ಲಿ ಕೈಬೆರಳಿಗೆ ಬಾಯಿ ಹಾಕಿದರೆ ಗದರಿಸದೆ, ಆಟ ನಿಲ್ಲಿಸಿ, ಕಚ್ಚಲು ಆಟಿಕೆಯೊಂದನ್ನು ಕೊಡಿ. ಹೊಡೆತವು ಭಯವನ್ನಷ್ಟೇ ಕಲಿಸುತ್ತದೆ.

ಅದು ಮಲಗುತ್ತಿದ್ದ ಹೊದಿಕೆಯನ್ನು ತೊಳೆಯದೆ ಜೊತೆಗೆ ತಂದರೆ, ಪರಿಚಿತ ವಾಸನೆಯಿಂದ ಹೊಸ ಮನೆಯ ಅಳುಕು ಕಡಿಮೆಯಾಗುತ್ತದೆ. ಮೊದಲಿಗೆ ಹಳೆಯ ಆಹಾರವನ್ನೇ ಮುಂದುವರಿಸಿ, 7ರಿಂದ 10 ದಿನಗಳಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿದರೆ ಹೊಟ್ಟೆ ಕೆಡುವ ಸಾಧ್ಯತೆ ಕಡಿಮೆ. ಆರಂಭದ ವಾರಗಳಲ್ಲಿ, ಅದು ಎಷ್ಟೇ ವಿಧೇಯವಾಗಿ ಕಂಡರೂ, ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ.