9ನೇ ಪುಟದಲ್ಲಿ ಮಡಚಿಟ್ಟ ಮೂಲೆ

ನನ್ನ ಸಸ್ಪೆನ್ಸ್ ಕಾದಂಬರಿಯ ಮೊದಲ ಹಸ್ತಪ್ರತಿಯನ್ನು ತಂಗಿಯ ಮಗನಿಗೆ ಓದಲು ಕೊಟ್ಟಿದ್ದೆ. ಅವನಿಗೆ ಆಗ 14 ವರ್ಷ. ಪುಸ್ತಕ ಅಂದರೆ ದೂರ ಓಡುವ ಹುಡುಗ. ಎರಡು ದಿನ ಬಿಟ್ಟು ತಂದುಕೊಟ್ಟು, "ಚೆನ್ನಾಗಿದೆ ದೊಡ್ಡಮ್ಮ" ಅಂದ. ತೆಗೆದು ನೋಡಿದರೆ 9ನೇ ಪುಟದ ಮೂಲೆ ಮಡಚಿತ್ತು, ಅಲ್ಲಿಂದ ಮುಂದಿನ ಹಾಳೆಗಳನ್ನು ಮುಟ್ಟಿಯೇ ಇರಲಿಲ್ಲ. 9ನೇ ಪುಟದಲ್ಲಿ ಏನಿತ್ತು? ಒಂದು ಹಳೇ ಮನೆಯ ವರ್ಣನೆ. ಒಂದೂವರೆ ಪುಟ! ನಾನು ತುಂಬಾ ಇಷ್ಟಪಟ್ಟು ಬರೆದ ಭಾಗ ಅದು.

ಅಲ್ಲಿಂದ, ಓದೋಕೆ ಕಷ್ಟಪಡುವ ಇಂಥ ಹುಡುಗರಿಗಾಗಿ ಬರೆಯುವ ಕೆಲಸವನ್ನು ಬೇರೆ ಥರ ಮಾಡೋಕೆ ಶುರು ಮಾಡಿದೆ. ಅವನಿಗೂ ಅವನ ನಾಲ್ಕು ಜನ ಗೆಳೆಯರಿಗೂ ಪ್ರಿಂಟ್ ತೆಗೆದು ಕೊಟ್ಟೆ, ಜೊತೆಗೆ ಒಂದೊಂದು ಪೆನ್ಸಿಲ್. ಅಭಿಪ್ರಾಯ ಹೇಳಿ ಅಂತ ಕೇಳಲಿಲ್ಲ, ಯಾಕೆಂದರೆ ದೊಡ್ಡವರು ಕೇಳಿದರೆ ಮಕ್ಕಳು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಎಲ್ಲಿ ಬೇಜಾರಾಯ್ತೋ ಅಲ್ಲಿ ಒಂದು ಗೆರೆ ಎಳೆದು ನಿಲ್ಲಿಸಿಬಿಡಿ, ಮುಂದೆ ಓದಬೇಡಿ" ಅಂದೆ, ಅಷ್ಟೇ. ಐದು ಪ್ರತಿ ವಾಪಸ್ ಬಂದಾಗ ಹೆಚ್ಚುಕಮ್ಮಿ ಮೂರೇ ಥರದ ಜಾಗಗಳಲ್ಲಿ ಗೆರೆಗಳಿದ್ದವು. ನಾಯಕಿಯ ಬಾಲ್ಯದ ನೆನಪು ಶುರುವಾಗುವ ಕಡೆ. ಒಂದೇ ಪುಟದಲ್ಲಿ ಆರು ಹೊಸ ಹೆಸರು ಬರುವ ಕಡೆ. ಆಮೇಲೆ ನನ್ನ ಉದ್ದುದ್ದ ವಾಕ್ಯಗಳಿರುವ ಕಡೆ.

ಈ ಮೂರನೆಯದು ನನ್ನನ್ನು ಜಾಸ್ತಿ ಕಾಡಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ವಾ? ಅಲ್ಲಿಯವರೆಗೆ ಯಾರು, ಎಲ್ಲಿ, ಹೇಗೆ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡೇ ಹೋಗಬೇಕು. ಓದಿ ರೂಢಿ ಇರುವವರಿಗೆ ಇದು ಗೊತ್ತೇ ಆಗಲ್ಲ. ಅಕ್ಷರ ಅಕ್ಷರ ಕೂಡಿಸಿ ಓದುವ ಹುಡುಗ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಶುರು ಮರೆತುಹೋಗಿರುತ್ತದೆ. ನನ್ನ ಒಂದು ವಾಕ್ಯ ಹೀಗಿತ್ತು: "ಮುರಿದ ಕಿಟಕಿಯಿಂದ ನುಗ್ಗುತ್ತಿದ್ದ ತಣ್ಣನೆಯ ಗಾಳಿಗೆ ನಡುಗುತ್ತಾ, ಎದೆಬಡಿತವನ್ನು ಅದುಮಿಟ್ಟುಕೊಳ್ಳಲು ಹೆಣಗುತ್ತಾ, ಮಂಚದ ಮೇಲಿದ್ದ ಫೋನಿನತ್ತ ಅವಳು ದೃಷ್ಟಿ ಹಾಯಿಸಿದಳು." ಅದನ್ನು ಹೀಗೆ ಮಾಡಿದೆ: "ಫೋನ್ ಅದುರಿತು. ತಮ್ಮನ ನಂಬರ್. ತಮ್ಮ ಪಕ್ಕದಲ್ಲೇ ಮಲಗಿದ್ದ. ಅವನ ಫೋನ್ ಕಳೆದುಹೋಗಿ ಮೂರು ದಿನ ಆಗಿತ್ತು." ಗಾಳಿ ಹೋಯಿತು, ಕಿಟಕಿ ಹೋಯಿತು. ಭಯ ಮಾತ್ರ ಹೆಚ್ಚಾಯಿತು ಅಂತ ನನಗೆ ಖಾತ್ರಿ ಇದೆ.

ಭಾಷೆ ಸುಲಭ ಮಾಡಿದೆ ಅಂತ ವಿಷಯವನ್ನೂ ಎಳೆಮಕ್ಕಳದ್ದು ಮಾಡಿದರೆ ಎಲ್ಲಾ ಹಾಳು. 14ರ ಹುಡುಗ ಓದುವುದು 8ರ ಮಗುವಿನ ಹಾಗೆ ಇರಬಹುದು, ಆದರೆ ಅವನ ಮನಸ್ಸಿಗೆ 14ರ ಭಯಗಳೇ ಇರುತ್ತವೆ. ಮೊಲ-ಆಮೆ ಕಥೆ ಕೊಟ್ಟರೆ ಅವಮಾನ ಆಗುತ್ತದೆ ಅವನಿಗೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1998ರಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಪ್ರಕಾಶನ ಇಂಥ ಓದುಗರಿಗಾಗಿಯೇ ಪುಸ್ತಕ ಮಾಡುತ್ತದೆ. ಪುಸ್ತಕ ತೆಳ್ಳಗೆ, ಕಾಗದ ಕೆನೆ ಬಣ್ಣದ್ದು, ಕಥೆ ಮಾತ್ರ ಅವರ ವಯಸ್ಸಿಗೆ ತಕ್ಕದ್ದು. ನಾನೂ ಪುಟದ ರೂಪದ ಬಗ್ಗೆ ಹಟ ಹಿಡಿದೆ. ಅಕ್ಷರ ದೊಡ್ಡದು, ಬಲಬದಿಯನ್ನು ಎಳೆದು ಸಮ ಮಾಡುವುದು ಬೇಡ, ಸಾಲುಗಳ ನಡುವೆ ಜಾಗ ಬೇಕೇ ಬೇಕು. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಸಾಲು ಒತ್ತಾದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದ ಹಾಗೆ ಕಾಣುತ್ತದೆ.

ಸಸ್ಪೆನ್ಸ್ ಅಂದರೆ ಗುಟ್ಟು ಮುಚ್ಚಿಡೋದು ಅಂದುಕೊಂಡಿದ್ದೆ. ಅದು ಹಾಗಲ್ಲ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಸಸ್ಪೆನ್ಸನ್ನು ಮೇಜಿನ ಕೆಳಗಿನ ಬಾಂಬ್ ಇಟ್ಟುಕೊಂಡು ವಿವರಿಸುತ್ತಿದ್ದರು. ಸುಮ್ನೆ ಸಿಡಿದರೆ ನೋಡುವವರಿಗೆ 15 ಸೆಕೆಂಡಿನ ಆಘಾತ, ಬಾಂಬ್ ಇದೆ ಅಂತ ಮೊದಲೇ ತೋರಿಸಿದರೆ 15 ನಿಮಿಷದ ತಳಮಳ. ನಾನು ಕಳೆದುಹೋದ ಫೋನ್ ಯಾರ ಜೇಬಿನಲ್ಲಿದೆ ಅನ್ನೋದನ್ನು 17ನೇ ಅಧ್ಯಾಯದವರೆಗೆ ಬಚ್ಚಿಟ್ಟಿದ್ದೆ. ಅದನ್ನು 4ನೇ ಅಧ್ಯಾಯಕ್ಕೇ ತಂದೆ. ಈಗ ಓದುವವರಿಗೆ ಗೊತ್ತು, ನಾಯಕಿಗೆ ಗೊತ್ತಿಲ್ಲ, ಅವಳು ಆ ಫೋನ್ ಜೇಬಿನಲ್ಲಿರುವವನ ಬೈಕ್ ಹತ್ತುತ್ತಾಳೆ. ತಿದ್ದಿದ ಪ್ರತಿ ಓದಿದ ಒಬ್ಬ ಹುಡುಗ ಆ ಪುಟದಲ್ಲಿ ಗೆರೆ ಎಳೆಯುವ ಬದಲು "ಹತ್ತಬೇಡ" ಅಂತ ಬರೆದಿದ್ದ. ಆ ಹಾಳೆ ನನ್ನ ಹತ್ತಿರ ಈಗಲೂ ಇದೆ.

ಕತ್ತಲೆ ಎಷ್ಟು ಇರಬೇಕು ಅನ್ನೋದು ಕಷ್ಟದ ಪ್ರಶ್ನೆ. ಒಂದು ಕರಡಿನಲ್ಲಿ ನಾಯಕಿಯ ಗೆಳತಿ ಜೀವ ಕಳೆದುಕೊಳ್ಳಲು ನೋಡುವ ದೃಶ್ಯ ಇತ್ತು, ಹೇಗೆ ಅನ್ನುವ ವಿವರದ ಸಮೇತ. ವಿಧಾನವನ್ನು ವಿವರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಸ್ಪಷ್ಟವಾಗಿ ಹೇಳಿದೆ. ಅದನ್ನು ಓದಿದ ದಿನವೇ ಆ ಸಾಲುಗಳನ್ನು ಹೊಡೆದುಹಾಕಿದೆ. ದೃಶ್ಯವನ್ನು ಉಳಿಸಿಕೊಂಡೆ, ಯಾಕೆಂದರೆ ಆ ನೋವನ್ನು ಮುಚ್ಚಿಟ್ಟರೆ ಅದೂ ಸುಳ್ಳೇ. ಐವರಲ್ಲಿ ಒಬ್ಬಳೇ ಹುಡುಗಿ ಇದ್ದಳು. ಅವಳು ಹೆಚ್ಚು ಮಾತಾಡುವವಳಲ್ಲ. ಪ್ರತಿ ವಾಪಸ್ ಕೊಡುವಾಗ, "ಆಂಟಿ, ಆಸ್ಪತ್ರೇಲಿ ಅವಳ ಹತ್ತಿರ ಯಾರೂ ಕೂತಿಲ್ಲ" ಅಂದಳು. ನಿಜ, ಕಥೆಯ ಓಟದಲ್ಲಿ ಎಲ್ಲರನ್ನೂ ಬೇರೆ ಕಡೆ ಓಡಿಸಿದ್ದೆ. ಆ ಅಧ್ಯಾಯವನ್ನು ಮತ್ತೆ ಬರೆದೆ. ನಾಯಕಿ ಅಪರಾಧಿಯ ಬೆನ್ನು ಹತ್ತುವುದನ್ನು ಬಿಟ್ಟು ಇಡೀ ರಾತ್ರಿ ಆ ಹಾಸಿಗೆ ಪಕ್ಕ ಕೂರುತ್ತಾಳೆ. ಅವನು ತಪ್ಪಿಸಿಕೊಳ್ಳುತ್ತಾನೆ. ಕಥೆಯ ಕೊನೆ ಇದರಿಂದ ಪೂರಾ ಬದಲಾಯಿತು, ಆದರೆ ಹಿಂದಿನದಕ್ಕಿಂತ ಇದೇ ಸರಿ ಅನ್ನಿಸುತ್ತದೆ.

ಮೊದಲು 60 ಸಾವಿರ ಪದ ಇದ್ದದ್ದು ಈಗ 14 ಸಾವಿರಕ್ಕೆ ಬಂದಿದೆ. ಹೋದ ವಾರ ತಂಗಿಯ ಮಗನಿಗೆ ಮತ್ತೆ ಕೊಟ್ಟೆ. 9ನೇ ಪುಟ ದಾಟಿದ್ದಾನೆ. 11ನೇ ಅಧ್ಯಾಯದ ಎರಡನೇ ಪುಟದಲ್ಲಿ, ಪೊಲೀಸರು ತುಂಬಾ ಹೊತ್ತು ಮಾತಾಡುವ ಕಡೆ, ಒಂದು ಗೆರೆ ಎಳೆದಿದ್ದಾನೆ. ಈಗ ಅದನ್ನೇ ತಿದ್ದುತ್ತಾ ಕೂತಿದ್ದೇನೆ.