ದುಡ್ಡು ಮೊದಲು, ಗಾಣ ಆಮೇಲೆ: ನನ್ನ ಎಣ್ಣೆ ವ್ಯಾಪಾರದ ಲೆಕ್ಕ

ಗಾಣದ ಎಣ್ಣೆಗೆ ಗಿರಾಕಿ ಮುಂಗಡ ಕೊಡುತ್ತಾನೆ ಎಂದರೆ ಚಿತ್ರದುರ್ಗದಲ್ಲಿ ಯಾರೂ ನಂಬುತ್ತಿರಲಿಲ್ಲ. "ಎಣ್ಣೆ ಕಣ್ಣಿಗೆ ಕಾಣೋಕೂ ಮೊದಲೇ ದುಡ್ಡು ಯಾರು ಕೊಡ್ತಾರೆ ತಮ್ಮಾ, ಇದೇನು ಚೀಟಿ ವ್ಯವಹಾರನಾ?" ಎಂದು ನನಗಿಂತ ಹಳಬರಾದ ಗಾಣದ ಯಜಮಾನರೊಬ್ಬರು ನಕ್ಕಿದ್ದರು. ನಮ್ಮ ಆಡಿಟರ್ ನಗಲಿಲ್ಲ, ಆದರೆ "ಎರಡು ತಿಂಗಳು ನಡೆದರೆ ಹೆಚ್ಚು" ಅಂದರು. ಈಗ ಎರಡು ವರ್ಷ ದಾಟಿದೆ. ಪ್ರತಿ ತಿಂಗಳು ಮೊದಲು ದುಡ್ಡು ಬರುತ್ತದೆ, ಆಮೇಲೆ ಬೀಜ ಬರುತ್ತದೆ, ಆಮೇಲೆ ಗಾಣ ತಿರುಗುತ್ತದೆ. ಬ್ಯಾಂಕಿನ ಓಡಿ ಸಾಲದ ಖಾತೆ ಮುಟ್ಟಿಯೇ ಬಹಳ ದಿನವಾಯಿತು.

ಯಾವ ಮರದ ಗಾಣ, ಎಷ್ಟು ಹೆಚ್‌ಪಿ ಮೋಟರ್, ನೀರು ಯಾವಾಗ ಚಿಮುಕಿಸಬೇಕು, ಇದೆಲ್ಲ ಗಾಣ ಇಟ್ಟವರಿಗೆ ಗೊತ್ತಿರುವುದೇ. ನಾನು ಬರೆಯುವುದು ಮಾರುವ ಬಗ್ಗೆ.

ಮೊದಲು ನಾನೂ ಎಲ್ಲರಂತೆ ಅಂಗಡಿಗಳಿಗೆ ಹಾಕುತ್ತಿದ್ದೆ. ಬೆಂಗಳೂರು, ದಾವಣಗೆರೆಯ ಆರ್ಗ್ಯಾನಿಕ್ ಅಂಗಡಿಗಳು. ಶೆಲ್ಫ್ ಮೇಲೆ ಬಾಟಲಿ ಚೆಂದ ಕಾಣುತ್ತದೆ, ಫೋಟೋ ತೆಗೆದು ನೆಂಟರಿಗೆ ಕಳಿಸಬಹುದು. ಲೆಕ್ಕ ನೋಡಿದರೆ ಬೇರೆಯೇ ಕಥೆ. ನೂರು ಕೆಜಿ ಶೇಂಗಾ ಬೀಜ, ಕೆಜಿಗೆ ನೂರು ರೂಪಾಯಿ ಅಂತಲೇ ಇಟ್ಟುಕೊಳ್ಳಿ, ಹತ್ತು ಸಾವಿರ. ನನ್ನ ಗಾಣದಲ್ಲಿ ಅದರಿಂದ ಸುಮಾರು 40 ಕೆಜಿ ಎಣ್ಣೆ ಬರುತ್ತದೆ. ಲೀಟರ್ ಎಣ್ಣೆ ತೂಗುವುದು 910 ಗ್ರಾಂ, ಹಾಗಾಗಿ 44 ಲೀಟರ್ ಹತ್ತಿರ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ 55, 56 ಕೆಜಿ, ಅದಕ್ಕೆ ನಲವತ್ತು ಚಿಲ್ಲರೆ ರೇಟು ಸಿಕ್ಕರೆ ಎರಡು ಸಾವಿರದ ಮುನ್ನೂರು. ಅದನ್ನು ಕಳೆದರೆ ಲೀಟರಿಗೆ ಬೀಜದ ಖರ್ಚು 175. ಕೂಲಿ, ಕರೆಂಟು, ಕ್ಯಾನು, ಬಾಡಿಗೆ, ಸೋರಿಕೆ ಎಲ್ಲ ಸೇರಿ 60. ಅಲ್ಲಿಗೆ 235. ನಾನು 290ಕ್ಕೆ ಮಾರುತ್ತಿದ್ದೆ. ಅಂಗಡಿಯವರಿಗೆ ಶೇ 25 ಬಿಟ್ಟರೆ ನನ್ನ ಕೈಗೆ 217. ಅಂದರೆ ಒಂದೊಂದು ಲೀಟರಿಗೂ ಹದಿನೆಂಟು ರೂಪಾಯಿ ನಾನೇ ಕೈಯಿಂದ ಹಾಕಿ, ಅವರ ಶೆಲ್ಫ್ ತುಂಬಿಸುತ್ತಿದ್ದೆ. ಆ 217 ಕೂಡ ಎರಡು ಮೂರು ತಿಂಗಳ ಮೇಲೆ ಬರುವುದು. ಒಂದು ಅಂಗಡಿಯಂತೂ ಬಿಸಿಲು ಬೀಳುವ ಗಾಜಿನ ಪಕ್ಕದಲ್ಲಿ ಬಾಟಲಿ ಇಟ್ಟು, ವಾಸನೆ ಬಂದಿದೆ ಎಂದು ಇಡೀ ಡಬ್ಬಿಯನ್ನು ವಾಪಸ್ ಕಳಿಸಿತು. ಪಾರ್ಸೆಲ್ ಚಾರ್ಜೂ ನನ್ನದೇ.

ಆಮೇಲೆ ಆನ್‌ಲೈನ್ ಜಾಹೀರಾತು. ಇಪ್ಪತ್ತು ಸಾವಿರದ ಮೇಲೆ ಹೋಯಿತು. ದಿನಕ್ಕೆ ಇಷ್ಟು ಅಂತ ಹಾಕಿದರೆ ಮೆಸೇಜುಗಳು ಸುರಿಯುತ್ತಿದ್ದವು. "ರೇಟ್ ಪ್ಲೀಸ್." ರೇಟು ಹೇಳಿದ ಮೇಲೆ ಎರಡು ನೀಲಿ ಟಿಕ್, ಅಷ್ಟೇ. ನೂರು ಜನ ಕೇಳಿದರೆ ಕೊಂಡವರು ಮೂರೋ ನಾಲ್ಕೋ. ಅವರಲ್ಲಿ ಎರಡನೇ ತಿಂಗಳು ಬಂದವರು ಒಬ್ಬರು. ಆನ್‌ಲೈನ್ ಮಳಿಗೆಗೂ ಹಾಕಿ ನೋಡಿದೆ. ಎಣ್ಣೆ ಭಾರದ ಸಾಮಾನು, ಒಂದು ಲೀಟರ್ ಕಳಿಸಲು ಎಂಬತ್ತು ತೊಂಬತ್ತು ರೂಪಾಯಿ ಕೊರಿಯರ್, ಮೇಲೆ ಕಮಿಷನ್. ದಾರಿಯಲ್ಲಿ ಮುಚ್ಚಳ ಸಡಿಲವಾಗಿ ಸೋರಿದರೆ ಪಕ್ಕದ ಪಾರ್ಸೆಲ್ ಕೆಟ್ಟಿದ್ದಕ್ಕೂ ನಮ್ಮ ಲೆಕ್ಕದಲ್ಲೇ ಕಡಿತ.

ಇಷ್ಟಾದ ಮೇಲೆ ತಲೆಗೆ ಹೊಳೆದದ್ದು ಒಂದೇ. ಎಣ್ಣೆ ಪ್ರತಿ ಮನೆಯಲ್ಲೂ ತಿಂಗಳಿಗೊಮ್ಮೆ ಖಾಲಿ ಆಗುವ ಸಾಮಾನು. ಹಾಲಿಗೆ, ಪೇಪರಿಗೆ ತಿಂಗಳ ವರ್ತನೆ ಇರುವಾಗ ಎಣ್ಣೆಗೆ ಯಾಕಿರಬಾರದು? ಹೊಸ ಗಿರಾಕಿ ಹುಡುಕುವ ದುಡ್ಡನ್ನು ಹಳೆ ಗಿರಾಕಿ ಮೇಲೆ ಖರ್ಚು ಮಾಡೋಣ ಅಂದುಕೊಂಡೆ.

ಈಗ ನಡೆಯುವುದು ಹೀಗೆ. ಒಂದನೇ ತಾರೀಖಿಗೆ ವಾಟ್ಸ್ಯಾಪ್ ಬಿಸಿನೆಸ್‌ನಲ್ಲಿ ಒಂದು ಮೆಸೇಜು. ಆ ತಿಂಗಳ ಬೀಜದ ರೇಟು, ಅದರ ಕೆಳಗೆ ನನ್ನ ಕೂಲಿ ಮತ್ತು ಖರ್ಚು, ಅದರ ಕೆಳಗೆ ಎಣ್ಣೆ ರೇಟು. ಐದನೇ ತಾರೀಖಿನವರೆಗೆ ಬರೆಸಬಹುದು. ಯುಪಿಐನಲ್ಲಿ ದುಡ್ಡು ಬಿದ್ದರೆ ಮಾತ್ರ ಹೆಸರು ಪಟ್ಟಿಗೆ. ಆರು ಏಳರ ಹೊತ್ತಿಗೆ ಚಳ್ಳಕೆರೆಗೆ ಹೋಗಿ ಬೀಜ ತರುತ್ತೇನೆ. ಒಂದು ವಾರ ಗಾಣ, ಮೂರ್ನಾಲ್ಕು ದಿನ ಎಣ್ಣೆ ತಿಳಿಯಾಗಲು, ಇಪ್ಪತ್ತರ ಒಳಗೆ ಮನೆಗೆ. ಬೆಂಗಳೂರಿನವರಿಗೆ ಕೆಎಸ್ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಹತ್ತಿಪ್ಪತ್ತು ಕ್ಯಾನ್ ಒಟ್ಟಿಗೆ ಹೋಗುತ್ತದೆ, ಅಲ್ಲಿ ಒಬ್ಬ ಗಿರಾಕಿಯೇ ಇಳಿಸಿಕೊಂಡು ತಮ್ಮ ಅಪಾರ್ಟ್‌ಮೆಂಟಿನಲ್ಲಿ ಹಂಚುತ್ತಾರೆ. ಅವರಿಗೆ ಒಂದು ಕ್ಯಾನ್ ಬಿಟ್ಟಿ.

ಬೀಜದ ರೇಟನ್ನು ಬಿಚ್ಚಿ ಹೇಳುವುದಕ್ಕೆ ಎಲ್ಲರೂ ಬೈದರು. "ಗುಟ್ಟು ಬಿಟ್ಟುಕೊಟ್ಟರೆ ಗಿರಾಕಿ ಚೌಕಾಸಿಗೆ ಬರ್ತಾನೆ" ಅಂದರು. ಆಗಿದ್ದು ಉಲ್ಟಾ. 2024ರ ಸೆಪ್ಟೆಂಬರ್ ನೆನಪಿದೆಯಲ್ಲ? ಕೇಂದ್ರ ಸರ್ಕಾರ ಆಮದು ಎಣ್ಣೆ ಮೇಲಿನ ಸುಂಕ ಏರಿಸಿತು. ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ ಸೆಸ್ ಎಲ್ಲ ಸೇರಿ ಶೇ 5.5 ಇದ್ದದ್ದು 27.5 ಆಯಿತು. ಅಂಗಡಿಯಲ್ಲಿ ರಿಫೈನ್ಡ್ ಎಣ್ಣೆ ಜಿಗಿಯಿತು. ಅದನ್ನೇ ನೆಪ ಮಾಡಿಕೊಂಡು ಗಾಣದವರು ಕೆಲವರು ತಾವೂ ಇಪ್ಪತ್ತು ಮೂವತ್ತು ಏರಿಸಿದರು. ಆದರೆ ಶೇಂಗಾ ಆ ಹಂಗಾಮಿನಲ್ಲಿ ನೆಲ ಕಚ್ಚಿತ್ತು. ಬೆಂಬಲ ಬೆಲೆ ಕ್ವಿಂಟಲಿಗೆ 6,783, ಮಾರ್ಕೆಟ್‌ನಲ್ಲಿ ಅದಕ್ಕಿಂತ ಕೆಳಗೆ ಹೋಗುತ್ತಿತ್ತು. ನನ್ನ ಮೆಸೇಜಿನಲ್ಲಿ ಬೀಜದ ರೇಟು ಇಳಿದಿತ್ತು, ಎಣ್ಣೆ ರೇಟೂ ಇಳಿಯಿತು. ಎಲ್ಲ ಕಡೆ ಏರುವಾಗ ಒಬ್ಬ ಇಳಿಸಿದ ಅಂದರೆ ಜನ ಮಾತಾಡದೆ ಇರುತ್ತಾರಾ? ಆ ಎರಡು ತಿಂಗಳಲ್ಲಿ ಪಟ್ಟಿ ಹೆಚ್ಚೂಕಮ್ಮಿ ಎರಡು ಪಟ್ಟಾಯಿತು. ಮುಂದೆ ಬೀಜ ಏರಿದಾಗ ನಾನೂ ಏರಿಸಿದೆ, ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ನನ್ನ ಕೂಲಿ ಮಾತ್ರ ಅಷ್ಟೇ ಇರುತ್ತದೆ. ಬೀಜ ಎಂಬತ್ತಾಗಲಿ, ನೂರಿಪ್ಪತ್ತಾಗಲಿ, ಲೀಟರಿಗೆ ನನಗೆ ಉಳಿಯುವುದು ಐವತ್ತರ ಆಸುಪಾಸು.

ವಾಟ್ಸ್ಯಾಪ್ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಬ್ರಾಡ್‌ಕಾಸ್ಟ್ ಪಟ್ಟಿ ಅಂದರೆ ಒಂದೇ ಮೆಸೇಜು ಎಲ್ಲರಿಗೂ ಬಿಡಿಬಿಡಿಯಾಗಿ ಹೋಗುವ ಪಟ್ಟಿ, ಅದಕ್ಕೆ 256 ಜನ ಹಾಕಬಹುದು, ನಿಜ. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜು ತಲುಪುತ್ತದೆ. ನನ್ನ ಮೊದಲ ಪಟ್ಟಿಯಲ್ಲಿ ಇನ್ನೂರು ಜನರಿಗೆ ಕಳಿಸಿದರೆ ಅರವತ್ತು ಜನಕ್ಕೂ ಮುಟ್ಟುತ್ತಿರಲಿಲ್ಲ. ಎರಡು ಟಿಕ್ ಬಂದಿದೆಯಾ ಅಂತ ನೋಡದೆ ಸುಮ್ನೆ "ಜನಕ್ಕೆ ಆಸಕ್ತಿ ಇಲ್ಲ" ಅಂದುಕೊಳ್ಳುತ್ತೇವೆ. ಈಗ ಹತ್ತರಲ್ಲಿ ಒಂಬತ್ತು ಜನಕ್ಕೆ ತಲುಪುತ್ತದೆ. ಸೇವ್ ಮಾಡಿಸಲು ಏನು ಮಾಡಿದೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಕ್ಯಾನಿನ ಮುಚ್ಚಳಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೇಳುತ್ತೇನೆ. ಗುಂಪು ಮಾತ್ರ ಮಾಡಬೇಡಿ. ಗುಂಪಿನಲ್ಲಿ ಒಬ್ಬರು "ಈ ಸಲ ಸ್ವಲ್ಪ ಕಪ್ಪಗಿದೆ" ಅಂದರೆ ಮೂವತ್ತು ಜನಕ್ಕೆ ತಮ್ಮ ಎಣ್ಣೆಯೂ ಕಪ್ಪಗೆ ಕಾಣಲು ಶುರುವಾಗುತ್ತದೆ.

ವಾಟ್ಸ್ಯಾಪ್ ಬಿಸಿನೆಸ್‌ನಲ್ಲಿ ಗಿರಾಕಿಗಳ ಹೆಸರಿಗೆ ಹಾಕುವ ಲೇಬಲ್ ಮೂರೇ ಇಟ್ಟಿದ್ದೇನೆ. ದುಡ್ಡು ಬಂತು, ಕೊಡಬೇಕು, ಎರಡು ತಿಂಗಳಿಂದ ಇಲ್ಲ. ಮೂರನೆಯದರಲ್ಲೇ ನಿಜವಾದ ವ್ಯಾಪಾರ ಇರುವುದು. ಅವರಿಗೆ ಆಫರ್ ಕಳಿಸುವುದಿಲ್ಲ, ನನ್ನ ಧ್ವನಿಯಲ್ಲೇ ಒಂದು ವಾಯ್ಸ್ ಮೆಸೇಜು ಹೋಗುತ್ತದೆ. ಅರ್ಧದಷ್ಟು ಜನ ವಾಪಸ್ ಬರುತ್ತಾರೆ. ವಾಟ್ಸ್ಯಾಪ್‌ಗೆ ದುಡ್ಡು ಕೊಟ್ಟು ಕಳಿಸುವ ಎಪಿಐ ಮೆಸೇಜನ್ನೂ ಪರೀಕ್ಷೆ ಮಾಡಿದೆ, ಒಂದಕ್ಕೆ ಮುಕ್ಕಾಲು ರೂಪಾಯಿ ಮೇಲೆ ಬೀಳುತ್ತಿತ್ತು. ಐನೂರು ಚಿಲ್ಲರೆ ಲೀಟರಿನ ವ್ಯಾಪಾರಕ್ಕೆ ಅದರ ಅಗತ್ಯವೇ ಇಲ್ಲ.

ಹಿಂಡಿ ಬಗ್ಗೆ ಜಾಸ್ತಿ ಯಾರೂ ಬರೆಯುವುದಿಲ್ಲ, ನನ್ನ ಲೆಕ್ಕದಲ್ಲಿ ಗಾಣ ಉಳಿಯುವುದೇ ಹಿಂಡಿಯಿಂದ. ಹಿಂಡಿ ರೇಟು ಕೆಜಿಗೆ ಹತ್ತು ರೂಪಾಯಿ ಬಿದ್ದರೆ ಎಣ್ಣೆ ಲೀಟರಿಗೆ ಹದಿಮೂರು ರೂಪಾಯಿ ಹೊಡೆತ. ಮೊದಲು ಒಬ್ಬ ವ್ಯಾಪಾರಿಗೇ ಎಲ್ಲ ಹಾಕುತ್ತಿದ್ದೆ, ಅವನು ಹೇಳಿದ್ದೇ ರೇಟು. ಗಾಣದ ಹಿಂಡಿಯಲ್ಲಿ ಎಣ್ಣೆ ಅಂಶ ಜಾಸ್ತಿ ಉಳಿದಿರುತ್ತದೆ, ಹಸು ಕಟ್ಟಿದವರಿಗೆ ಅದು ಗೊತ್ತು. ಸುತ್ತಲಿನ ಹಳ್ಳಿಗಳ ಹಾಲಿನವರದ್ದೇ ಇನ್ನೊಂದು ಪಟ್ಟಿ ಮಾಡಿದೆ. ಅವರಿಗೆ ಬರೆದ ಮೆಸೇಜು ನಡೆಯುವುದಿಲ್ಲ, ವಾಯ್ಸೇ ಬೇಕು. ಮುಂಗಡವೂ ನಡೆಯುವುದಿಲ್ಲ. ಡೈರಿಯಲ್ಲಿ ಹಾಲಿನ ದುಡ್ಡಿನ ಬಟವಾಡೆ ಆದ ಮಾರನೇ ದಿನ ಬೆಳಗ್ಗೆ "ಹಿಂಡಿ ಇದೆ" ಅಂತ ಹೇಳಿದರೆ ಸಂಜೆಯೊಳಗೆ ಖಾಲಿ. ಅದೇ ಮಾತನ್ನು ಬಟವಾಡೆಗೆ ಎರಡು ದಿನ ಮುಂಚೆ ಹೇಳಿದರೆ ಎಲ್ಲ ಉದ್ದರಿಗೆ ಹೋಗುತ್ತದೆ. ವ್ಯಾಪಾರಿ ಕೊಡುತ್ತಿದ್ದದ್ದಕ್ಕಿಂತ ಆರೇಳು ರೂಪಾಯಿ ಹೆಚ್ಚಿಗೆ ಸಿಗುತ್ತಿದೆ. ಹಿಂಡಿ ಹಳೆಯದಾಗಿ ಬೂಸ್ಟು ಹಿಡಿಯುವುದೂ ನಿಂತಿದೆ.

ತೆರಿಗೆ ವಿಷಯ. ಎಣ್ಣೆಗೆ ಜಿಎಸ್‌ಟಿ ಶೇ 5, ಪ್ಲಾಸ್ಟಿಕ್ ಕ್ಯಾನಿಗೆ ಶೇ 18. ಮಾಮೂಲಿ ನೋಂದಣಿಯಲ್ಲಿ ಕ್ಯಾನಿಗೆ ಕಟ್ಟಿದ ಹೆಚ್ಚಿನ ತೆರಿಗೆ ಖಾತೆಯಲ್ಲಿ ಉಳಿದರೂ, ಖಾದ್ಯ ತೈಲಕ್ಕೆ ರಿಫಂಡ್ 2022ರ ಜುಲೈನಿಂದಲೇ ಬಂದ್. ನನ್ನ ಗಿರಾಕಿಗಳೆಲ್ಲ ಮನೆಯವರು, ಅವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಂಡಾಗ ಕಟ್ಟಿದ ತೆರಿಗೆಯನ್ನು ಮಾರುವಾಗ ಕಳೆದುಕೊಳ್ಳುವ ಸೌಲಭ್ಯ, ಬೇಡ. ಅದಕ್ಕೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಾದ ಕಾಂಪೊಸಿಶನ್‌ಗೆ ಬಂದೆ. ವಹಿವಾಟಿನ ಮೇಲೆ ಶೇ 1 ಕೈಯಿಂದ ಕಟ್ಟಿದರೆ ಮುಗಿಯಿತು, ಗಿರಾಕಿಯಿಂದ ತೆರಿಗೆ ಅಂತ ವಸೂಲಿ ಮಾಡುವ ಹಾಗಿಲ್ಲ. ತೊಂದರೆ ಏನೆಂದರೆ ರಾಜ್ಯ ದಾಟಿ ಮಾರುವಂತಿಲ್ಲ. ಪುಣೆ, ಹೈದರಾಬಾದಿನಲ್ಲಿರುವ ನಮ್ಮ ಕಡೆಯವರು ಕೇಳುತ್ತಲೇ ಇರುತ್ತಾರೆ, "ಊರಿಗೆ ಬಂದಾಗ ಒಯ್ಯಿರಿ" ಅನ್ನುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಬೋರ್ಡು ಬಂತಲ್ಲ, ಆಗ ನನಗೂ ಸ್ನೇಹಿತರು ಕ್ಯೂಆರ್ ತೆಗೆದುಬಿಡು ಅಂದರು. ನನ್ನ ಇಡೀ ವ್ಯಾಪಾರವೇ ಯುಪಿಐ ಮೇಲೆ ನಿಂತಿದೆ, ತೆಗೆದು ಏನು ಮಾಡಲಿ? ಸರಕಿಗೆ ನೋಂದಣಿ ಮಿತಿ 40 ಲಕ್ಷ. ಅದರ ಹತ್ತಿರ ಬರುವ ಮೊದಲೇ ನೋಂದಣಿ ಮಾಡಿಸಿದ್ದರಿಂದ ಆ ತಿಂಗಳೂ ಒಂದನೇ ತಾರೀಖಿನ ಮೆಸೇಜು ಎಂದಿನಂತೆ ಹೋಯಿತು.

ಎರಡನೇ ಗಾಣಕ್ಕೆ ಪಿಎಂಎಫ್‌ಎಂಇ ಎಂಬ, ಸಣ್ಣ ಆಹಾರ ಘಟಕಗಳಿಗೆ ಸಬ್ಸಿಡಿ ಕೊಡುವ ಯೋಜನೆ ಹಿಡಿದೆ. ಯೋಜನೆಯದ್ದು ಶೇ 35, ಅದರ ಮೇಲೆ ನಮ್ಮ ರಾಜ್ಯದ್ದು ಹೆಚ್ಚುವರಿ ಶೇ 15. ಕೇಳಲು ಅರ್ಧ ದುಡ್ಡು ಬಿಟ್ಟಿ ಅನ್ನಿಸುತ್ತದೆ. ಆದರೆ ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ, ಸಾಲದ ಲೆಕ್ಕಕ್ಕೇ ಹೋಗುತ್ತದೆ. ಮೊದಲು ಬ್ಯಾಂಕು ಸಾಲ ಮಂಜೂರು ಮಾಡಬೇಕು. ಅಲ್ಲಿ ನನಗೆ ನೆರವಾಗಿದ್ದು ತಿಂಗಳು ತಿಂಗಳು ಬಿದ್ದ ಯುಪಿಐ ಮುಂಗಡ. ಮ್ಯಾನೇಜರ್ ಸ್ಟೇಟ್‌ಮೆಂಟ್ ತಿರುವಿ ಹಾಕಿ, "ಸಾಮಾನು ಕೊಡೋಕೆ ಮುಂಚೆನೇ ಇಷ್ಟು ಜನ ದುಡ್ಡು ಹಾಕ್ತಾರಾ?" ಅಂದರು. ಸ್ವಲ್ಪ ಜಂಬ ಆಗಿದ್ದು ನಿಜ.

ಮಧ್ಯೆ ಕೆಲವು ಹುಚ್ಚಾಟಗಳೂ ನಡೆದವು. ಸ್ಟೀಲ್ ಕ್ಯಾನ್ ಕೊಟ್ಟು ಖಾಲಿಯಾದದ್ದನ್ನು ವಾಪಸ್ ಪಡೆದು ತುಂಬಿಸುವ ಯೋಜನೆ ನೋಡಲು ಬಹಳ ಚೆನ್ನಾಗಿತ್ತು. ಆದರೆ ಮನೆಯಲ್ಲಿ ತೊಳೆದು ಹನಿ ನೀರು ಉಳಿಸಿ ಕೊಟ್ಟರೆ ಇಡೀ ಕ್ಯಾನ್ ಎಣ್ಣೆ ಮುಗ್ಗುವಾಸನೆ. ಬಿಡಿ ಎಣ್ಣೆ ಮಾರಲು ಕಾಯ್ದೆಯ ಅಡ್ಡಿ ಬೇರೆ, ಸೀಲು, ಲೇಬಲ್ ಇರಲೇಬೇಕು. ಕೈಬಿಟ್ಟೆ. ಈಗ ಐದು ಲೀಟರಿನ ಹೊಸ ಕ್ಯಾನೇ. ಗೂಗಲ್ ಮ್ಯಾಪಿನಲ್ಲಿ ಬಿಟ್ಟಿಯಾಗಿ ಹಾಕಿದ್ದು ಮಾತ್ರ ಕೈ ಹಿಡಿಯಿತು. ಕೋಟೆ ನೋಡಲು ಬಂದವರು, 48ನೇ ಹೆದ್ದಾರಿಯಲ್ಲಿ ಹೋಗುವವರು ಹುಡುಕಿಕೊಂಡು ಬರುತ್ತಾರೆ. ಇಂಗ್ಲಿಷ್ ಹೆಸರಿನ ಜೊತೆ ವಿವರದಲ್ಲಿ "ಗಾಣದ ಎಣ್ಣೆ" ಅಂತ ಕನ್ನಡದಲ್ಲೂ ಬರೆದೆ, ಗಾಣ ತಿರುಗುವ ಫೋಟೋ ಆಗಾಗ ಹಾಕುತ್ತೇನೆ. ವೆಬ್‌ಸೈಟಿಗೆ ಕೊಟ್ಟ ಹನ್ನೆರಡು ಸಾವಿರದಿಂದ ಇದುವರೆಗೆ ಒಂದು ಕ್ಯಾನೂ ಹೋಗಿಲ್ಲ.

ಕುಸುಬೆ, ಹುಚ್ಚೆಳ್ಳು ಎರಡನ್ನೂ ಮುಂಗಡಕ್ಕೆ ಹಾಕಿ ನೋಡಿದೆ. ಕುಸುಬೆಯಲ್ಲಿ ಎಣ್ಣೆ ಇಳುವರಿ ಕಡಿಮೆ, ರೇಟು ಕೇಳಿ ಗದಗ, ವಿಜಯಪುರ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಮಾತ್ರ ಬರೆಸುತ್ತಾರೆ. ಮೂರು ತಿಂಗಳಿಗೊಮ್ಮೆ ಅವರಿಗಾಗಿಯೇ ಒಂದು ಸಲ ಗಾಣ ಹಾಕುತ್ತೇನೆ. ಹುಚ್ಚೆಳ್ಳನ್ನು ಚಟ್ನಿಪುಡಿಗೆ ಕೇಳುತ್ತಾರೆ, ಎಣ್ಣೆಗೆ ಅಲ್ಲ.

ಕೊಬ್ಬರಿ ಎಣ್ಣೆಗೆ ಈ ಪದ್ಧತಿ ಇನ್ನೂ ಕೂಡಿ ಬಂದಿಲ್ಲ. ಬಿಚ್ಚಿದ ರೇಟಿನ ಲೆಕ್ಕವನ್ನೇ ಅದಕ್ಕೂ ಹಾಕಿದ್ದೆ. 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ ಇಪ್ಪತ್ತೈದು ಸಾವಿರ ದಾಟಿದಾಗ ನನ್ನ ಮೆಸೇಜಿನ ರೇಟು ನೋಡಿ ಪಟ್ಟಿಯೇ ಕರಗಿತು. ಶೇಂಗಾ ಎಣ್ಣೆ ಅಡುಗೆಗೆ ಬೇಕೇ ಬೇಕು, ಕೊಬ್ಬರಿ ಎಣ್ಣೆ ನಮ್ಮ ಬಯಲುಸೀಮೆಯಲ್ಲಿ ತಲೆಗೆ ಹಚ್ಚಲು ಅಷ್ಟೇ, ತಿಂಗಳಿಗೆ ಲೀಟರ್ ಯಾರಿಗೂ ಖರ್ಚಾಗುವುದಿಲ್ಲ. ಸದ್ಯಕ್ಕೆ ಅದನ್ನು 200 ಎಂಎಲ್ ಬಾಟಲಿಯಲ್ಲಿ ತುಂಬಿ, ಶೇಂಗಾ ಕ್ಯಾನ್ ಕೊಡಲು ಹೋಗುವ ಹುಡುಗನ ಚೀಲದಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಬಾಗಿಲಲ್ಲಿ ನೋಡಿದವರು ಒಂದೋ ಎರಡೋ ತೆಗೆದುಕೊಳ್ಳುತ್ತಾರೆ.